ದೋಣಿಯ ಮುಂದಿನ ಸೀಟು

“ಯಜಮಾನರು ಬರ್ತಾ ಇದ್ದಾರಾ?” ಎಂದು ಅವನು ಕೇಳಿದ.

ಮೇಲಿನ ಕಡವಿನಲ್ಲಿ ಗಾಡಿ ನಿಲ್ಲಿಸಿ, ಟ್ರೈಲರಿನ ಮೇಲಿದ್ದ ದೋಣಿಯ ಹಗ್ಗ ಬಿಚ್ಚುತ್ತಿದ್ದೆ. ಹೊಸ ದೋಣಿ. ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ.

“ಯಾವ ಯಜಮಾನರು?”

“ಈ ದೋಣೀದು.”

“ನಾನೇ.”

“ಸರಿ. ಹುಟ್ಟು ಹಾಕೋರು?”

“ನಾನೇ.”

“ಮೀನು ಹಿಡಿಯೋರು?”

“ಅದೂ ನಾನೇ.”

ಅವನು ಟೋಪಿಯನ್ನು ಹಿಂದಕ್ಕೆ ಸರಿಸಿ ನನ್ನ ಕೈಗಳನ್ನು ನೋಡಿದ. ಮೊದಲು ಬಲಗೈ, ಆಮೇಲೆ ಎಡಗೈ. “ಇನ್ನೆರಡು ಕೈ ಮನೇಲೇ ಬಿಟ್ಟು ಬಂದಿದ್ದೀರ, ಟೀಚರ್.”

ನಾನು ಟೀಚರ್ ಎಂದು ಅವನಿಗೆ ಗೊತ್ತಿತ್ತು. ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಎಲ್ಲರ ವಿಷಯವೂ ಗೊತ್ತು. ನನಗೂ ಅವನು ಯಾರೆಂದು ಗೊತ್ತಿತ್ತು. ಓರಿನ್ ಟೀಗ್. ಮೆಕೆಂಜಿ ನದಿಯಲ್ಲಿ ದೋಣಿ ಕೆಳಕ್ಕೆ ಮಾತ್ರ ಹೋಗುತ್ತದೆ. ಇಳಿದು ಹೋದವರನ್ನು ಮನೆಗೆ ಸೇರಿಸಲು ಅವರ ಗಾಡಿ ಕೆಳಗಿನ ಕಡವಿನಲ್ಲಿ ಕಾದಿರಬೇಕು. ಆ ಗಾಡಿಗಳನ್ನು ಕೆಳಗೆ ಮುಟ್ಟಿಸುವುದು ಓರಿನ್‌ನ ಕೆಲಸ. ಬೀಗದ ಕೈಯನ್ನು ಮುಂದಿನ ಚಕ್ರದ ಮೇಲಿಟ್ಟು ನಾವು ನೀರಿಗಿಳಿಯುತ್ತೇವೆ. ಅವನು ಗಾಡಿಯನ್ನು ಕೆಳಗೆ ನಿಲ್ಲಿಸಿ, ಬೀಗದ ಕೈಯನ್ನು ಮತ್ತೆ ಅದೇ ಚಕ್ರದ ಮೇಲಿಟ್ಟು, ದಿಮ್ಮಿ ಇಳಿಸಿ ಖಾಲಿಯಾಗಿ ಹೋಗುವ ಲಾರಿ ಹತ್ತಿ ಮೇಲಕ್ಕೆ ಬರುತ್ತಾನೆ, ಇನ್ನೊಬ್ಬರ ಗಾಡಿಗೆ.

ನನಗೆ ಹುಟ್ಟು ಹಾಕಲು ಬರುತ್ತದೆ ಎಂದೇ ನಾನು ತಿಳಿದಿದ್ದೆ. ಕಾಲೇಜಿನ ದಿನಗಳಲ್ಲಿ ಸರೋವರದಲ್ಲಿ ಸಾಕಷ್ಟು ಹಾಕಿದ್ದೆ. ಆ ಧೈರ್ಯದಿಂದಲೇ ದೋಣಿ ಹತ್ತಿ, ನದಿ ಹರಿಯುವ ಕಡೆಗೆ ಬೆನ್ನು ಹಾಕಿ ಕೂತೆ.

ಓರಿನ್ ನಗಲಿಲ್ಲ. ಮೀನು ಹಿಡಿಸಲು ಜನರನ್ನು ದೋಣಿಯಲ್ಲಿ ಕರೆದೊಯ್ಯುವ ಇಬ್ಬರು ಗೈಡುಗಳು ಕಡವಿನಲ್ಲಿದ್ದರು. ಅವರಿಗೆ ಕೇಳಿಸಬಾರದೆಂದು ನೀರಿಗೇ ಇಳಿದು ಬಂದು, ದೋಣಿಯ ಅಂಚು ಹಿಡಿದುಕೊಂಡು ಮೆಲ್ಲಗೆ ಹೇಳಿದ. “ಸರೋವರಕ್ಕೆ ಬೆನ್ನು ತೋರಿಸಿದ್ರೆ ಅದೇನೂ ಅಂದ್ಕೊಳ್ಳಲ್ಲ. ಈ ನದಿ ಹಾಗಲ್ಲ. ಮುಖ ನೋಡಿ ಮಾತಾಡಿಸ್ಬೇಕು.”

ನಾನು ಎದ್ದು ತಿರುಗಿ ಕೂತೆ. ಅವನ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು. ಮೇ ತಿಂಗಳ ನೀರು, ಹಿಮ ಕರಗಿದ್ದು.

“ಬಂಡೆ ಬಂದ್ರೆ ಮುಖ ತಿರುಗಿಸಿ ಓಡಬೇಡಿ,” ಎಂದ. “ದೋಣಿ ಮೂತೀನ ಬಂಡೆ ಕಡೆಗೇ ಹಿಡೀರಿ. ಹಿಡ್ಕೊಂಡು ಹಿಂದಕ್ಕೆ ಎಳೀರಿ. ನದಿಗಿಂತ ನಿಧಾನವಾಗಿ ಹೋಗೋಕೆ ಬಂದ್ರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತೆ.”

“ಅಷ್ಟೇನಾ?”

“ಅಷ್ಟೇ. ನಮ್ಮಪ್ಪ ಅದನ್ನ ಕಲಿಯೋಕೆ ಅರ್ಧ ಆಯಸ್ಸು ತಗೊಂಡ.”

ಮೊದಲ ತಿರುವಿನಲ್ಲೇ ನಾನು ಜಲ್ಲಿಯ ದಿಬ್ಬ ಹತ್ತಿದೆ. ಎರಡನೆಯದರಲ್ಲಿ ದೋಣಿ ಅಡ್ಡಡ್ಡ ತಿರುಗಿ, ದಡದ ಮುಳ್ಳುಪೊದೆ ನನ್ನ ಟೋಪಿಯನ್ನು ಇಸಿದುಕೊಂಡಿತು. ಮೂರನೆಯ ತಿರುವಿನಲ್ಲಿ ಬಂಡೆಯೊಂದು ಕಂಡು ಕೈ ತಡವರಿಸಿದಾಗ, ರಸ್ತೆಯ ಕಡೆಯಿಂದ ಒಂದು ಹಾರ್ನ್ ಕೇಳಿಸಿತು. ಗಿಡ್ಡದಾಗಿ, ಎರಡು ಸಲ. ತಲೆಯೆತ್ತಿದೆ. ನದಿಯ ಪಕ್ಕದ ರಸ್ತೆಯಲ್ಲಿ ನನ್ನದೇ ಗಾಡಿ ನಿಂತಿತ್ತು. ಕಿಟಕಿಯಿಂದ ಹೊರಬಂದ ಎರಡು ಕೈಗಳು ಗಾಳಿಯಲ್ಲಿ ಹುಟ್ಟು ಎಳೆಯುತ್ತಿದ್ದವು. ಹಿಂದಕ್ಕೆ, ಹಿಂದಕ್ಕೆ.

ನಾನೂ ಎಳೆದೆ. ಬಂಡೆ ಪಕ್ಕದಲ್ಲಿ ಸರಿದುಹೋಯಿತು.

ಆ ಬೇಸಿಗೆಯ ನನ್ನ ಪಾಠಶಾಲೆ ಹೀಗೆ ಶುರುವಾಯಿತು. ನದಿ ರಸ್ತೆಯ ಹತ್ತಿರ ಬಂದಲ್ಲೆಲ್ಲ ಅವನು ಗಾಡಿ ನಿಲ್ಲಿಸುತ್ತಿದ್ದ. ಗಿಡ್ಡ ಹಾರ್ನ್ ಎಂದರೆ ಹಿಂದಕ್ಕೆ ಎಳಿ. ಉದ್ದ ಹಾರ್ನ್ ಎಂದರೆ ಸುಮ್ಮನಿರು, ನೀರೇ ಕರೆದುಕೊಂಡು ಹೋಗುತ್ತದೆ. ಡ್ವೇನ್ ಎಂಬ ಗೈಡ್‌ಗೆ ಇದನ್ನು ನೋಡಿ ಮೈ ಉರಿಯುತ್ತಿತ್ತು.

“ಟೀಗ್! ಮೀನೆಲ್ಲ ಪೋರ್ಟ್‌ಲ್ಯಾಂಡಿಗೆ ಓಡಿಹೋದ್ವಲ್ಲೋ!” ಎಂದು ತನ್ನ ದೋಣಿಯಿಂದಲೇ ಕೂಗುತ್ತಿದ್ದ.

“ನಿನ್ನ ಹಾಡು ಕೇಳಿಯೂ ಓಡದೇ ಇದ್ದ ಮೀನು, ಹಾರ್ನ್‌ಗೆ ಓಡುತ್ತಾ?” ಎಂದು ರಸ್ತೆಯಿಂದ ಉತ್ತರ ಬರುತ್ತಿತ್ತು.

ಕೆಳಗಿನ ಕಡವು ತಲುಪುವ ಹೊತ್ತಿಗೆ ಓರಿನ್ ಇರುತ್ತಿರಲಿಲ್ಲ. ಆದರೆ ಅವನು ಬಂದುಹೋದ ಗುರುತು ಇರುತ್ತಿತ್ತು. ಟ್ರೈಲರನ್ನು ಹಿಂದಕ್ಕೆ ಹೊಡೆಯುವಾಗ ನನ್ನ ಹಣೆಯಲ್ಲಿ ಬೆವರಿಳಿಯುವುದನ್ನು ಅವನು ಒಮ್ಮೆ ನೋಡಿದ್ದ. ಮರುವಾರದಿಂದ ಗಾಡಿ ನೀರಿನ ಕಡೆ ನೇರವಾಗಿ ಹಿಮ್ಮುಖವಾಗಿಯೇ ನಿಂತಿರುತ್ತಿತ್ತು. ನಾನು ಸ್ವಲ್ಪ ಹಿಂದೆ ಸರಿಸಿದರೆ ಸಾಕು. ಅವನು ಉದ್ದಕಾಲಿನವನು. ಓಡಿಸುವಾಗ ಸೀಟನ್ನು ಕೊನೆಯವರೆಗೂ ಹಿಂದೆ ತಳ್ಳಲೇಬೇಕು. ಆದರೂ ಬಾಗಿಲು ತೆರೆದಾಗ ಸೀಟು ನನ್ನ ಅಳತೆಗೇ ಬಂದಿರುತ್ತಿತ್ತು. ಸೆಖೆಯ ದಿನ ಸ್ಟೀರಿಂಗ್ ಮೇಲೆ ಒದ್ದೆ ಬಟ್ಟೆ ಹಾಸಿರುತ್ತಿದ್ದ.

ಇದನ್ನೆಲ್ಲ ಯಾರಿಗೆ ಹೇಳುವುದು? ಹೇಳಿದರೂ ಏನೆಂದು ಹೇಳುವುದು? ಸೀಟು ಮುಂದೆ ಸರಿಸಿದ್ದ ಎಂದೇ? ನಾನು ಬ್ಲ್ಯಾಕ್‌ಬೆರಿ ಜಾಮ್ ಮಾಡಿದಾಗ ಒಂದು ಬಾಟಲಿಯನ್ನು ಗಾಡಿಯಲ್ಲಿಟ್ಟೆ. ಮರುವಾರ ತೊಳೆದ ಬಾಟಲಿ ಇತ್ತು. ಚಮಚವೂ ಹೋಗದ ಮೂಲೆಯವರೆಗೆ ಖಾಲಿ.

“ಹೇಗಿತ್ತು?” ಎಂದು ಮೇಲಿನ ಕಡವಿನಲ್ಲಿ ಕೇಳಿದೆ.

“ಯಾವುದು?”

“ಜಾಮ್.”

“ಓ, ಅದಾ. ಬ್ರೆಡ್ ತರೋ ಅಷ್ಟರಲ್ಲಿ ಮುಗಿದುಹೋಯ್ತು.” ಹೀಗೆಂದು ಕಣ್ಣನ್ನು ಬೇಗ ನದಿಯ ಕಡೆ ತಿರುಗಿಸಿದ. ಕಿವಿ ಮಾತ್ರ ಕೆಂಪಾಗಿ ನನ್ನ ಕಡೆಗೇ ಉಳಿಯಿತು.

ಜುಲೈಯಲ್ಲಿ ನನ್ನ ಮೊದಲ ಮೀನು ಸಿಕ್ಕಿತು. ದೋಣಿಗೆ ಲಂಗರು ಹಾಕಿ, ಹುಟ್ಟು ಒಳಗಿಟ್ಟು, ಎದ್ದು ನಿಂತು ಗಾಳ ಎಸೆದಿದ್ದೆ. ಗಾಳಕ್ಕೆ ಕಟ್ಟಿದ ಗರಿಯ ನೊಣ ನೀರಿನ ಮೇಲೆ ಒಂದು ಮಾರು ತೇಲಿತೋ ಇಲ್ಲವೋ, ಟ್ರೌಟ್ ಎದ್ದು ನುಂಗಿತು. ಪಕ್ಕೆಯಲ್ಲಿ ಕುಂಕುಮ ಎಳೆದಂಥ ಪಟ್ಟೆ. ಒದ್ದೆ ಕೈಯಲ್ಲಿ ಹಿಡಿದು ಮೇಲೆತ್ತಿದೆ. ರಸ್ತೆಯಿಂದ ಹಾರ್ನ್ ಶುರುವಾಯಿತು. ಕಣಿವೆಯ ಫರ್ ಮರಗಳೆಲ್ಲ ತಿರುಗಿ ನೋಡುವವರೆಗೂ ಅದು ನಿಲ್ಲಲಿಲ್ಲ.

ಹೀಗೆ ಒಂದೊಂದನ್ನೂ ಕಲಿತೆ. ಆದರೆ ಕಲಿಯುತ್ತ ಕಲಿಯುತ್ತ ಇನ್ನೊಂದು ವಿಷಯ ತಿಳಿಯಿತು. ಇಂಥ ದೋಣಿಯಲ್ಲಿ ಹುಟ್ಟು ಹಾಕುವವರು ಮೀನು ಹಿಡಿಯುವುದಿಲ್ಲ. ಮುಂದಿನ ಸೀಟಿನವರಿಗೆ ಹಿಡಿಸುತ್ತಾರೆ. ಆ ಗಾಳ ನೀರಿನ ಮೇಲೆ ಸಹಜವಾಗಿ ತೇಲುವಂತೆ ದೋಣಿಯನ್ನು ಹಿಡಿದಿಡುವುದೇ ಅವರ ಕಸುಬು, ಅವರ ಸಂತೋಷ. ನನಗೆ ಕಸುಬು ಬಂದಿತ್ತು. ನನ್ನ ಮುಂದಿನ ಸೀಟಿನಲ್ಲಿ ಊಟದ ಬುಟ್ಟಿ ಕೂತಿತ್ತು.

ಆ ಸೀಟಿನಲ್ಲಿ ಯಾರು ಕೂರಬೇಕೆಂದು ನನಗೆ ಗೊತ್ತಿತ್ತು. ಆಗಸ್ಟ್ ಕೊನೆಯಲ್ಲಿ ಕೇಳಿಯೇಬಿಟ್ಟೆ.

“ಓರಿನ್, ಇವತ್ತು ನನ್ನ ಜೊತೆ ದೋಣೀಲಿ ಬನ್ನಿ.”

ಅವನು ನಕ್ಕ. “ನಾನು ದೋಣೀಲಿ ಬಂದ್ರೆ ಗಾಡಿ ಯಾರು ತರ್ತಾರೆ?”

ನಾನೂ ನಕ್ಕೆ. ನ್ಯಾಯವಾದ ಮಾತೇ. ಆದರೆ ದೋಣಿ ನೀರಿಗೆ ಜಾರಿದ ಮೇಲೆ ಯೋಚಿಸಿದೆ. ಈ ಕಣಿವೆಯಲ್ಲಿ ಗಾಡಿ ಓಡಿಸಲು ಬರುವವನು ಇವನೊಬ್ಬನೇ ಏನು? ಡ್ವೇನ್‌ನ ಹೆಂಡತಿ ದಿಮ್ಮಿ ಲಾರಿಯನ್ನೇ ಓಡಿಸುತ್ತಿದ್ದಳು.

ಶಾಲೆ ಶುರುವಾಯಿತು. ಶನಿವಾರಗಳು ಮಾತ್ರ ಉಳಿದವು. ಅಕ್ಟೋಬರ್ ಬಂದು ಮೇಪಲ್ ಎಲೆಗಳು ನೀರಿಗೆ ಬೀಳತೊಡಗಿದವು. ಚಳಿಗಾಲದ ಮಳೆ ಹಿಡಿದರೆ ದೋಣಿ ವಸಂತದವರೆಗೆ ಕೊಟ್ಟಿಗೆ ಸೇರುತ್ತದೆ. ಆ ವರ್ಷದ ಕೊನೆಯ ಶನಿವಾರ ಇದೇ ಎಂದು ಆಕಾಶ ನೋಡಿದರೆ ತಿಳಿಯುತ್ತಿತ್ತು. ಇನ್ನೊಮ್ಮೆ ಕೇಳುತ್ತೇನೆ, ಮೂರನೆಯ ಸಲ ಕೇಳುವವಳಲ್ಲ ಎಂದು ನಿರ್ಧರಿಸಿಯೇ ಮನೆ ಬಿಟ್ಟೆ.

ಬುಟ್ಟಿಯನ್ನು ಹಿಂದಕ್ಕಿಟ್ಟು ಮುಂದಿನ ಸೀಟನ್ನು ಬಟ್ಟೆಯಿಂದ ಒರೆಸಿದೆ. ಅವನು ನೋಡುತ್ತಿದ್ದ.

“ಬನ್ನಿ ಓರಿನ್.”

“ಗಾಡಿ, ಟೀಚರ್...”

“ಗಾಡಿಗೆ ಡ್ವೇನ್ ಹೆಂಡತೀನ ಕೇಳಿದ್ದೀನಿ. ತರ್ತೀನಿ ಅಂದಿದ್ದಾಳೆ. ಈಗ ಹೇಳಿ.”

ಅವನ ಮುಖದ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿತು. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. “ಅವಳು ಗೇರ್ ಕಿತ್ತುಹಾಕ್ತಾಳೆ. ಬೇಡ, ನಾನೇ ತರ್ತೀನಿ,” ಎಂದ.

ನನ್ನ ಕೆನ್ನೆ ಬಿಸಿಯಾಯಿತು. “ಸರಿ. ಅವಳಿಗೆ ಬೇಡ ಅಂತ ನೀವೇ ಹೇಳಿಬಿಡಿ. ಇವತ್ತೊಂದಿನ ನೀವೇ ತನ್ನಿ. ಮುಂದಿನ ವರ್ಷಕ್ಕೆ ನಾನು ಬೇರೆಯವರನ್ನ ನೋಡ್ಕೊಳ್ತೀನಿ.”

ಹೇಳಿ ದೋಣಿಯನ್ನು ದಡದಿಂದ ತಳ್ಳಿದೆ. ತಿರುಗಿ ನೋಡಲಿಲ್ಲ. ಈ ದೋಣಿಯಲ್ಲಿ ತಿರುಗಿ ನೋಡದೆ ಕೂರುವುದು ಸುಲಭ. ಮುಖ ಯಾವಾಗಲೂ ಮುಂದಕ್ಕೇ ಇರುತ್ತದೆ.

ಆ ದಿನ ರಸ್ತೆಯಲ್ಲಿ ಸದ್ದಿಲ್ಲ. ಮೊದಲ ತಿರುವಿನಲ್ಲಿ ಗಾಡಿಯಿಲ್ಲ, ಎರಡನೆಯದರಲ್ಲೂ ಇಲ್ಲ. ಮುಂದೆ ಅಜ್ಜಿಬಂಡೆ ಎಂಬ ದೊಡ್ಡ ಬಂಡೆಯ ಇಳುಕಲು. ಅಲ್ಲಿ ನದಿ ಎರಡಾಗಿ ಸೀಳಿ, ಬಿಳಿಯಾಗಿ ಬಿದ್ದು, ಮತ್ತೆ ಒಂದಾಗುತ್ತದೆ. ಅಷ್ಟು ದಿನವೂ ಹಾರ್ನಿನ ಕೈ ಹಿಡಿದೇ ಅದನ್ನು ದಾಟಿದ್ದೆ.

ಈ ಸಲ ಹಾರ್ನ್ ಇರಲಿಲ್ಲ. ಆದರೆ ತೋಳುಗಳಿಗೆ ಎಲ್ಲ ಗೊತ್ತಿತ್ತು. ಮೂತಿಯನ್ನು ಅಜ್ಜಿಯ ಮುಖಕ್ಕೇ ಹಿಡಿದೆ. ಎಳೆದೆ, ಕಾದೆ, ಮತ್ತೆ ಎಳೆದೆ. ದೋಣಿ ಬೆಣ್ಣೆಯಲ್ಲಿ ಬೆರಳು ಹೋದಂತೆ ಬಲಗಡೆಯಿಂದ ಇಳಿಯಿತು. ಒಂದು ಬೊಗಸೆ ನೀರೂ ಒಳಗೆ ಬರಲಿಲ್ಲ. ಕೆಳಗೆ ಬಂದು ಉಸಿರು ಬಿಟ್ಟಾಗ ತಿಳಿಯಿತು, ನನಗೆ ಹಾರ್ನ್ ಬೇಕಾಗಿಯೇ ಇರಲಿಲ್ಲ. ಎಷ್ಟೋ ವಾರಗಳಿಂದ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದನ್ನು ಹೊಡೆಯುವವನು.

ಇಳುಕಲಿನ ಕೆಳಗೆ ಜಲ್ಲಿಯ ದಿಣ್ಣೆ. ದಿಣ್ಣೆಯ ತುದಿಯಲ್ಲಿ ಒಬ್ಬ ಮನುಷ್ಯ ಗಾಳದ ಕೋಲು ಹಿಡಿದು, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದ. ಒಗೆದ ಅಂಗಿ. ಬಾಚಿದ ತಲೆ. ಟೋಪಿಯಿಲ್ಲದೆ ಅವನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು.

ದೋಣಿಯನ್ನು ದಿಣ್ಣೆಗೆ ತಂದೆ. “ಗಾಡಿ ಎಲ್ಲಿ?”

“ಮೇಲೇ ಇದೆ.”

“ಮೇಲೆ ಅಂದ್ರೆ?”

“ನೀವು ಬಿಟ್ಟಲ್ಲೇ. ಮನೆಗೋಡಿ ಅಂಗಿ ಬದಲಾಯಿಸಿ, ದಿಮ್ಮಿ ಲಾರಿ ಹತ್ತಿ ಬಂದೆ. ಡ್ವೇನ್ ಹೆಂಡತಿಗೂ ಬೇಡ ಅಂದೆ.”

“ಕೆಳಗೆ ಹೋದ್ಮೇಲೆ ಏನ್ ಮಾಡೋದು? ದೋಣಿ ತಲೆ ಮೇಲೆ ಹೊತ್ಕೊಂಡು ಹೋಗೋದಾ?”

“ಅದನ್ನ ಯೋಚ್ನೆ ಮಾಡಿಲ್ಲ,” ಎಂದ. ಆಮೇಲೆ ಸುಳ್ಳು ಹೇಳಲಾಗದೆ, “ಮಾಡಿದ್ದೀನಿ. ಗಾಡಿ ಕೆಳಗೆ ಕಾದಿದ್ರೆ ದೋಣಿ ಏರಿಸ್ಕೊಂಡು, ‘ಬರ್ತೀನಿ’ ಅಂತ ಹೊರಟುಬಿಡ್ತೀರ. ಎಲ್ರೂ ಹಾಗೇ ಹೋಗೋದು. ಹೋಗೋರನ್ನ ನೋಡಿ ನೋಡಿ ನಂಗೆ ಸಾಕಾಗಿದೆ,” ಎಂದ.

“ಅದಕ್ಕೇ ಬರಲ್ಲ ಅಂದ್ರಾ?”

ಅವನು ನೀರನ್ನು ನೋಡಿದ. “ನಮ್ಮಪ್ಪ ದೋಣೀಲಿ ಹೋದಾಗೆಲ್ಲ ನಾನು ಕೆಳಗೆ ಕಾಯ್ತಿದ್ದೆ. ಆಮೇಲೆ ಊರಿನವರಿಗೆಲ್ಲ ಗಾಡಿ ತಂದಿಟ್ಟೆ. ಕಾಯೋದೊಂದು ನಂಗೆ ಚೆನ್ನಾಗಿ ಬರುತ್ತೆ, ಥೋರಾ. ನಾನೂ ದೋಣಿ ಹತ್ತಿಬಿಟ್ರೆ ಕೆಳಗೆ ನಮಗೋಸ್ಕರ ಯಾರೂ ಇರಲ್ಲ ಅನ್ನೋ ಭಯ.”

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ. ಅವನಿಗೇ ಅದು ತಿಳಿದಂತಿರಲಿಲ್ಲ.

“ಯಾರೂ ಕಾಯ್ತಾ ಇಲ್ಲ ಅಂದ್ರೆ ಅವಸರಾನೂ ಇಲ್ಲ,” ಎಂದೆ. “ಹತ್ತಿ.”

ಹತ್ತಿದ. ಅಷ್ಟು ದೋಣಿಗಳನ್ನು ಕಂಡವನು ಹತ್ತುವಾಗ ಕರುವಿನಂತೆ ಎಡವಿ, ನನ್ನ ಭುಜ ಹಿಡಿದ. ಹಿಡಿದ ಕೈಯನ್ನು ತೆಗೆಯಲು ಸ್ವಲ್ಪ ತಡಮಾಡಿದ. ನಾನೂ ಅವಸರಪಡಿಸಲಿಲ್ಲ.

ಮುಂದಿನ ಸೀಟಿನಲ್ಲಿ ಅವನ ಅಗಲವಾದ ಬೆನ್ನು. ಅಂಗಿಯ ಕಾಲರಿನಲ್ಲಿ ಇಸ್ತ್ರಿ ತಾಗದ ಒಂದು ಮಡಿಕೆ. ಅಲ್ಡರ್ ಮರಗಳ ನೆರಳಿನ ಅಂಚಿನಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸಿದೆ, ಅವನ ಗಾಳಕ್ಕೆ ಎಷ್ಟು ದೂರ ಬೇಕೋ ಅಷ್ಟೇ. ಅವನು ಎಸೆದ. ನೊಣ ನೆರಳಿನ ಪಕ್ಕದಲ್ಲಿ ತೇಲಿತು. ನೀರು ಒಡೆಯಿತು.

“ಹಿಡೀತು! ಕೋಲು ಮೇಲೆತ್ತಿ!” ಎಂದು ಕೂಗಿದೆ.

ಅವನು ಎತ್ತಿದ. ಎತ್ತಿಕೊಂಡೇ, ಬಾಯಿ ತುಂಬ ನಗುತ್ತ, ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ದಾರ ಸಡಿಲವಾಯಿತು. ಮೀನು ಹೋಯಿತು.

“ಅಯ್ಯೋ! ನೀರು ನೋಡ್ಬೇಕಿತ್ತು!”

“ಬೇಸಿಗೆಯೆಲ್ಲ ರಸ್ತೆ ಮೇಲಿಂದ ಬರೀ ನಿಮ್ಮ ಟೋಪಿ ನೋಡಿದ್ದೀನಿ,” ಎಂದ ಓರಿನ್, ತಿರುಗಿಕೊಂಡೇ. “ಮುಖ ನೋಡೋಕೆ ಒಂದು ಮೀನು ಹೋದ್ರೆ ಹೋಗ್ಲಿ. ಎರಡು ಹೋದ್ರೂ ಹೋಗ್ಲಿ.”

ಹುಟ್ಟು ಎಳೆಯುವುದನ್ನೇ ಮರೆತೆ. ತರಗತಿಯಲ್ಲಿ ಯಾವತ್ತೂ ಹೀಗಾದವಳಲ್ಲ. ಹುಟ್ಟುಗಳು ಸುಮ್ಮನೆ ನೀರಿನಲ್ಲಿ ತೂಗುತ್ತಿದ್ದವು. ದೋಣಿ ತಾನಾಗಿ ತಿರುಗುತ್ತ ಕೆಳಗಿನ ಮಡುವಿಗೆ ಬಂತು. ಅಲ್ಲಿ ನೀರು ಕನ್ನಡಿಯಂತಿತ್ತು. ತಳದ ಕಲ್ಲುಗಳ ಮೇಲೆ ಹಳದಿ ಎಲೆಗಳಲ್ಲದೆ ಬೇರೇನೂ ಇರಲಿಲ್ಲ.

ನಾನು ಲಂಗರಿನ ಹಗ್ಗ ಬಿಟ್ಟೆ.

ಓರಿನ್ ನೀರೊಳಗೆ ಇಣುಕಿದ. “ಇಲ್ಯಾಕೆ ನಿಲ್ಲಿಸಿದ್ರಿ? ಇಲ್ಲಿ ಒಂದು ಮೀನೂ ಇಲ್ಲ.”

“ಗೊತ್ತು,” ಎಂದೆ.