ಪದ್ಯ ಪೂರ್ತಿಯಾದ ದಿನ

"ಅಯ್ಯೋ... ಯಾರ್ರೀ ಅದು ಮೇನ್ ಸ್ವಿಚ್ ಆಫ್ ಮಾಡಿದ್ದು?!"

ಕಂಪ್ಯೂಟರ್ ಕೋಣೆಯ ಮೇಜಿನ ಕೆಳಗಿನಿಂದ ಬಂದ ಆ ಕೂಗಿಗೆ, ಗಣಿತ ಕಲಿಸಲು ಆಗಷ್ಟೇ ಸೇರಿದ್ದವನು ಬೆಚ್ಚಿಬಿದ್ದ. ಅವನ ಕೈ ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು.

ಕೂದಲಿಗೆಲ್ಲ ಧೂಳು, ಕೈಯಲ್ಲೊಂದು ವೈರು, ಕಣ್ಣಲ್ಲಿ ಕೆಂಡ! ಮೇಜಿನಡಿಯಿಂದ ತೆವಳಿಕೊಂಡು ಹೊರಬಂದವಳು ಭಾಷೆ ಕಲಿಸುವ ಟೀಚರ್.

"ಕ್ಷಮಿಸಿ... ಒಳಗೆ ಯಾರೂ ಇಲ್ಲ ಅಂದ್ಕೊಂಡೆ. ಸುಮ್ನೆ ಕರೆಂಟ್ ದಂಡ ಆಗುತ್ತಲ್ಲ ಅಂತ..."

"ನಾನು ಯಾರೂ ಅಲ್ವಾ? ಇಡೀ ಶಾಲೆಯ ಮಾರ್ಕ್ಸ್ ಟೈಪ್ ಮಾಡಿದ್ದೆ ಕಣ್ರೀ! ಪ್ರಿಂಟರ್ ವೈರು ಸರಿಮಾಡಿ, ಬಂದು ಸೇವ್ ಮಾಡೋಣ ಅಂತಿದ್ದೆ. ಎಲ್ಲಾ ಹೋಯ್ತು!"

ಅವನ ಮುಖ ಸಪ್ಪಗಾಯಿತು. ತಪ್ಪು ಒಪ್ಪಿಕೊಂಡು ಜಾಗ ಖಾಲಿ ಮಾಡುತ್ತಾನೆಂದು ಅವಳು ಕಾದರೆ, ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ.

"ನಾನು ಓದಿ ಹೇಳ್ತೀನಿ, ನೀವು ಟೈಪ್ ಮಾಡಿ."

ಸಂಜೆಯವರೆಗೂ ಅವನು ಓದಿದ, ಅವಳು ಟೈಪ್ ಮಾಡಿದಳು. "ನೋಡಿ, ಇವನಿಗೆ ಗಣಿತದಲ್ಲಿ ಸೊನ್ನೆ, ನಿಮ್ಮ ಭಾಷೆಯಲ್ಲಿ ಪೂರ್ತಿ. ನನಗೆ ಹೊಟ್ಟೆ ಉರೀತಿದೆ!" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಏನೋ...

ಕಂಪ್ಯೂಟರಿನ ಉಸಾಬರಿ ಅವಳ ತಲೆಗೆ ಬಂದದ್ದೂ ಒಂದು ಕಥೆಯೇ. ಹೆಡ್ ಮಿಸ್ ಅವರ ಮೊಬೈಲ್ ಒಮ್ಮೆ ಮೊಂಡುಬಿದ್ದಾಗ ಸರಿಮಾಡಿ ಕೊಟ್ಟಿದ್ದಳು, ಅಷ್ಟೇ. ಮಾರನೆಯ ದಿನದಿಂದ ಶಾಲೆಯ ಕಂಪ್ಯೂಟರು, ಪ್ರೊಜೆಕ್ಟರು, ಪ್ರಿಂಟರು, ಎಲ್ಲಕ್ಕೂ ಅವಳೇ ದಿಕ್ಕು! 'ಆಗಲ್ಲ' ಎಂಬ ಮಾತು ಅವಳ ಬಾಯಿಂದ ಹೊರಡುವುದೇ ಇಲ್ಲ.

ಪದ್ಯ ಓದಿ ಹೇಳುವುದೆಂದರೆ ಅವಳಿಗೆ ಪ್ರಾಣ. ಆದರೆ ಯಾರಾದರೂ ಕಿಟಕಿಯಲ್ಲಿ ತಲೆ ತೂರಿಸಿ "ಮಿಸ್, ನೆಟ್ ಬರ್ತಿಲ್ಲ" ಎಂದರೆ ಮುಗಿಯಿತು, ಪದ್ಯವನ್ನು ಅರ್ಧಕ್ಕೇ ಬಿಟ್ಟು ಓಡಬೇಕು. ಆ ವರ್ಷ ಒಂದು ಪದ್ಯವೂ ಒಂದೇ ಉಸಿರಿನಲ್ಲಿ ಮುಗಿದಿರಲಿಲ್ಲ. ಪುಟ್ಟ ಮಕ್ಕಳು ಅವಳನ್ನು 'ಕಂಪ್ಯೂಟರ್ ಮಿಸ್' ಎಂದೇ ಕರೆಯುತ್ತಿದ್ದವು. ಅವಳು ನಗುತ್ತಿದ್ದಳು, ಒಳಗೊಳಗೇ ಅಳು ಬರುತ್ತಿತ್ತು.

ಆಮೇಲೆ ಅವನು ದಿನವೂ ಬರತೊಡಗಿದ. "ಪ್ರೊಜೆಕ್ಟರ್ ಯಾಕೆ ಬರೀ ನೀಲಿ ತೋರ್ಸುತ್ತೆ? ಪ್ರಿಂಟರ್ ಯಾಕೆ ಕಾಗದ ನುಂಗುತ್ತೆ?" ಕೇಳಿದ್ದನ್ನೇ ಕೇಳುತ್ತಿದ್ದ.

'ಕಲಿಯೋಕೆ ಬರ್ತಾರಾ... ನನ್ನ ನೋಡೋಕೆ ಬರ್ತಾರಾ?' ಹಾಗಂದುಕೊಂಡು ಅವಳೇ ನಾಚಿದಳು.

ಒಂದು ಬೆಳಿಗ್ಗೆ ಹೆಡ್ ಮಿಸ್ ಕರೆಸಿದರು.

"ಈ ಕಂಪ್ಯೂಟರ್ ಕೆಲಸ ನಿನ್ನಿಂದ ತೆಗೀಬೇಕಂತೆ ಕಣಮ್ಮ. ಗಣಿತದ ಸರ್ ಬಂದು ಕೇಳಿದ್ರು. ನಾನೂ ಹೂಂ ಅಂದೆ."

ಅವಳು ತಲೆಯಾಡಿಸಿ ಹೊರಬಂದಳು.

'ಪಕ್ಕದಲ್ಲೇ ಕೂತು ಎಲ್ಲಾ ಕಲಿತು... ನನಗೇ ಕೈಕೊಟ್ರಾ? ನನ್ನ ಕೈಲಿ ಆಗಲ್ಲ ಅಂತ ಹೇಳಿದ್ರಾ?'

ಅಂದಿನಿಂದ ಅವನನ್ನು ಕಂಡರೆ ಮುಖ ಗಂಟು. ಅವನು "ಟೀಚರ್, ಒಂದು ಮಾತು..." ಎಂದರೆ, "ಕ್ಲಾಸಿದೆ" ಎಂದು ಹೊರಟುಬಿಡುತ್ತಿದ್ದಳು. ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು, ಅದು ಬೇರೆ ಮಾತು.

ಮುಂದಿನ ವಾರ ಪದ್ಯದ ತರಗತಿ. ಬಿರುಗಾಳಿಗೆ ಸಿಕ್ಕ ದೋಣಿಯ ಪದ್ಯ. ಓದುತ್ತ ಓದುತ್ತ ಅವಳ ಕಣ್ಣು ಕಿಟಕಿಯತ್ತಲೇ ಹೋಗುತ್ತಿತ್ತು. ಅಲೆ ಎದ್ದಿತು... ಯಾರೂ ಕರೆಯಲಿಲ್ಲ. ಹಾಯಿ ಹರಿಯಿತು... ಯಾರೂ ಕರೆಯಲಿಲ್ಲ! ದೋಣಿ ದಡ ಸೇರಿ, ಕೊನೆಯ ಸಾಲೂ ಮುಗಿಯಿತು.

ಹಿಂದಿನ ಬೆಂಚಿನ ಹುಡುಗಿ ಕಣ್ಣೊರೆಸಿಕೊಂಡಳು. "ಮಿಸ್... ಇನ್ನೊಂದ್ಸಲ ಓದಿ."

ಗಂಟೆ ಹೊಡೆದ ಮೇಲೆ ಹೊರಬಂದವಳು ಅಲ್ಲೇ ನಿಂತುಬಿಟ್ಟಳು. ಎದುರಿನ ಕೋಣೆಯಲ್ಲಿ ಡ್ರಾಯಿಂಗ್ ಟೀಚರ್ ಸ್ಟೂಲು ಹತ್ತಿ ಪ್ರೊಜೆಕ್ಟರಿನ ವೈರು ಬಿಗಿ ಮಾಡುತ್ತಿದ್ದರು. ಸ್ಟೂಲು ಹಿಡಿದ ಪಿ.ಟಿ. ಮೇಷ್ಟ್ರು "ಎಡಕ್ಕೆ... ಎಡಕ್ಕೆ!" ಎಂದು ಕವಾಯತು ಮಾಡಿಸುತ್ತಿದ್ದರು.

"ಇದೆಲ್ಲ... ನಿಮಗೆ ಯಾರು ಕಲಿಸಿದ್ರು?"

"ಇನ್ಯಾರು, ಗಣಿತದ ಸರ್!" ಡ್ರಾಯಿಂಗ್ ಟೀಚರ್ ನಕ್ಕರು. "ಊಟದ ಹೊತ್ತಲ್ಲಿ ದಿನಾ ನಮ್ಮ ಪ್ರಾಣ ತಿಂದ್ರು. ಅವರವರ ಕೋಣೆ ಅವರವರೇ ನೋಡ್ಕೋಬೇಕಂತೆ. ನಿಮ್ಮ ಕ್ಲಾಸಿನ ಮಧ್ಯೆ ಹೋಗಿ ಕರೆದೋರ ಕಥೆ ಮುಗೀತಂತೆ!"

ಅವನು ಗಣಿತ ಕಲಿಸುವ ಪಕ್ಕದ ತರಗತಿಗೆ ಅವಳು ಹೆಚ್ಚುಕಡಿಮೆ ಓಡಿದಳು. ಮಕ್ಕಳು ಹೋಗಿದ್ದರು. ಅವನೊಬ್ಬನೇ ಬೋರ್ಡು ಒರೆಸುತ್ತಿದ್ದ.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ 'ಪರವಾಗಿಲ್ಲ ಬಿಡಿ, ನಾನೇ ಮಾಡ್ತೀನಿ' ಅಂತಿದ್ರಿ."

ಅವಳು ಹೂಂ ಎಂದು ತಲೆಯಾಡಿಸಿದಳು.

"ಆದ್ರೂ ನಿಮ್ಮನ್ನ ಕೇಳದೆ ಹೋಗಿದ್ದು ನನ್ನದೇ ತಪ್ಪು," ಎಂದ ಅವನು. "ಏನ್ಮಾಡ್ಲಿ... ನೀವು ಪದ್ಯ ಶುರು ಮಾಡಿದ್ರೆ, ಗೋಡೆಯ ಈ ಕಡೆ ನಾನು ಲೆಕ್ಕ ನಿಲ್ಸಿ ಕೇಳ್ತಾ ನಿಲ್ತೀನಿ. ಪ್ರತಿ ಸಲ ಮಧ್ಯದಲ್ಲೇ ನಿಂತೋಗ್ತಿತ್ತು. ಇವತ್ತು ದೋಣಿ ದಡ ಸೇರಿದ್ದು ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ?"

ಅವನು ಡಸ್ಟರ್ ಕೆಳಗಿಟ್ಟ.

"ಸುಳ್ಳು ಯಾಕೆ ಹೇಳ್ಲಿ... ಜೀವನಪೂರ್ತಿ ನಿಮ್ಮ ದನಿ ಕೇಳ್ಬೇಕು ಅನ್ನಿಸ್ತಿದೆ, ಟೀಚರ್."

ಅವಳ ಕಣ್ಣು ತುಂಬಿ ಬಂತು.

"ನನಗೆ ಕೆಲಸ ಕೊಟ್ಟೋರು ಬೇಕಾದಷ್ಟು ಜನ. ಹೊರೆ ಇಳಿಸಿದೋರು ನೀವೊಬ್ರೇ. ನಾನು ನೋಡಿದ್ರೆ ನಿಮ್ಮ ಮೇಲೇ ಮುನಿಸ್ಕೊಂಡು ಓಡಾಡಿದೆ... ಇದನ್ನ ಯಾವತ್ತೂ ಮರೆಯಲ್ಲ."

"ಉಪಕಾರ ಅಂತ ಮಾತ್ರ ಒಪ್ಕೋಬೇಡಿ," ಎಂದ ಗಾಬರಿಯಿಂದ. "ನೀವು ನನ್ನನ್ನ ಬೇಡ ಅಂದ್ರೂ ನಿಮ್ಮ ಪದ್ಯಕ್ಕೆ ಯಾರೂ ಅಡ್ಡ ಬರಲ್ಲ."

"ಬರೀ ಉಪಕಾರ ಆಗಿದ್ರೆ ಥ್ಯಾಂಕ್ಸ್ ಹೇಳಿ ಹೋಗ್ತಿದ್ದೆ. ಹೀಗೆ ಅಳ್ತಾ ನಿಂತಿರ್ತಿದ್ನಾ?"

"ಅಂದ್ರೆ...?"

"ಸಂಜೆ ನಮ್ಮನೆಗೆ ಬನ್ನಿ. ಅಮ್ಮನಿಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀರಾ?"

ಅವಳು ಕಣ್ಣೀರಿನ ನಡುವೆಯೇ ನಕ್ಕಳು.

"'ಸಾಕು ಬಿಡು, ನಾನು ಮಾಡ್ತೀನಿ' ಅಂತ ನನಗೆ ಹೇಳೋರು ಸಿಕ್ಕಿದ್ರಮ್ಮ, ಅಂತ."