ಗೆರೆ ಕೊರೆದ ಗುಳಿಗೆಗಳು

ಗಂಡ ಸತ್ತು ತಿಂಗಳು ತುಂಬುವ ಮೊದಲೇ ಬೇರಿನ ಪಂಡಿತ ಅವಳ ಬಾಗಿಲಿಗೆ ಬಂದ. ತನ್ನ ಅಂಗಡಿಯಲ್ಲಿ ಪುಡಿ ಜರಡಿ ಹಿಡಿಯುವ ಕೆಲಸವಿದೆ, ನಾಳೆಯಿಂದ ಬಾ ಎಂದ. ಕೊಂದವನೇ ಕೂಳು ಹಾಕಲು ಬಂದಿದ್ದಾನಲ್ಲ ಎಂದುಕೊಂಡಳು ಅವಳು.

ಅವಳ ಗಂಡ ಬಡಗಿ. ರಕ್ತದೊತ್ತಡವಿತ್ತು; ಡಾಕ್ಟರು ಕೊಟ್ಟ ಗುಳಿಗೆ ನುಂಗಿಕೊಂಡು ಚೆನ್ನಾಗಿಯೇ ಇದ್ದ. “ಬೇರಲ್ಲಿ ಇಲ್ಲದ್ದು ಆ ಗುಳಿಗೇಲಿ ಏನಿದೆಯೋ? ಬಿಸಾಕು ಅದನ್ನ” ಎಂದವನು ಇದೇ ಪಂಡಿತ. ಬಿಸಾಕಿದ ನಲವತ್ತನೆಯ ದಿನ, ಕಿಟಕಿ ಚೌಕಟ್ಟಿಗೆ ಉಜ್ಜುಕೊರಡು ಹಾಕುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಬಾಯಿ ಸೊಟ್ಟಗಾಯಿತು. ಅವಳ ಕೈ ಹಿಡಿದು ಏನೋ ಹೇಳಲು ಹೋದ, ಆಗಲಿಲ್ಲ. ಏನಿತ್ತು ಆ ಮಾತು ಎಂದು ಅವಳು ದಿನಾ ಯೋಚಿಸುತ್ತಾಳೆ.

ಕೆಲಸಕ್ಕೆ ಹೋದಳು. ಹಾವನ್ನು ಹೊಡೆಯಬೇಕಾದವರು ಹುತ್ತದ ಪಕ್ಕದಲ್ಲೇ ಇರಬೇಕು.

ಎಂಟು ತಿಂಗಳು ತಲೆ ತಗ್ಗಿಸಿ ದುಡಿದಳು. ಒಣಗಿದ ಬೇರು ಕುಟ್ಟುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟುವುದು ಅವಳ ಪಾಲಿಗೆ. ಸೋಮವಾರ ಬೆಳಿಗ್ಗೆ ಕೊನೆಯ ಬೆರಕೆಯನ್ನು ಮಾತ್ರ ಪಂಡಿತ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ತಾನೇ ಮಾಡುತ್ತಿದ್ದ. ಗುಟ್ಟಿನ ಬೇರಂತೆ. ಅವಳು ಒಳಗೊಳಗೇ ನಗುತ್ತಿದ್ದಳು.

ಮನೆಯಲ್ಲಿ ಉಳಿದಿದ್ದವಳು ತಾಯಿಯೊಬ್ಬಳೇ. ಅವಳಿಗೂ ಒತ್ತಡ, ಅವಳಿಗೂ ಪುಡಿಯ ಹುಚ್ಚು.

“ಅಮ್ಮಾ, ಅಳಿಯನ್ನ ನುಂಗಿದ ಪುಡಿ ಅದು. ಎಷ್ಟು ಸಲ ಹೇಳ್ಲಿ?”

“ಅವನಿಗೆ ಆಗಿಬರಲಿಲ್ಲ, ನಂಗೆ ಆಗಿಬಂದಿದೆ. ಕಾಲಿನ ಬಾವು ಇಳಿದಿಲ್ವಾ? ನೋಡು ಬೇಕಾದ್ರೆ, ಕುಣಿದು ತೋರಿಸ್ಲಾ?”

ಚಿಕಿತ್ಸಾಲಯಕ್ಕೆ ಎಳೆದುಕೊಂಡು ಹೋದರೆ ನರ್ಸಮ್ಮ ತೋಳಿನ ಪಟ್ಟಿ ಬಿಚ್ಚುತ್ತಾ, “ಅಜ್ಜಿ, ಇದು ಮದುಮಗಳ ಒತ್ತಡ ಕಣ್ರೀ” ಎಂದಳು. ಮುದುಕಿಯ ಗಟ್ಟಿ ಜೀವ, ಹೊಟ್ಟು ಕುಡಿದರೂ ನಡೆಯುತ್ತದೆ ಎಂದು ಮಗಳು ಜಗಳ ಬಿಟ್ಟಳು.

ಒಂದು ಶನಿವಾರ ಮಧ್ಯಾಹ್ನ ಹಿಂದಿನ ಕೋಣೆಯ ಬಾಗಿಲು ಓರೆಯಾಗಿತ್ತು. ಪಂಡಿತ ಬೆನ್ನು ತಿರುಗಿಸಿ ಕೂತು, ಔಷಧಿ ಅಂಗಡಿಯ ಸ್ಟ್ರಿಪ್ಪುಗಳಿಂದ ಬಿಳಿ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿ ತಗಡಿನ ಡಬ್ಬಿಗೆ ಹಾಕುತ್ತಿದ್ದ. ಗಂಡ ನುಂಗುತ್ತಿದ್ದ ಗುಳಿಗೆಯೇ; ನಡುವೆ ಗೆರೆಯಿದ್ದದ್ದು. ಅವಳಿಗೆ ಎಲ್ಲ ಅರ್ಥವಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮನುಷ್ಯ! ಊರಿಗೆಲ್ಲ ಬೇರು, ತನಗೆ ಮಾತ್ರ ಗುಳಿಗೆ.

ಉಪಾಯ ಆ ಕ್ಷಣವೇ ಹುಟ್ಟಿತು. ಅಂಗಡಿಯಲ್ಲೇ ಅಜೀರ್ಣಕ್ಕೆಂದು ಪುದೀನದ ಗುಳಿಗೆ ಮಾಡುತ್ತಿದ್ದರು. ಅದೇ ಬಿಳುಪು, ಅದೇ ಗಾತ್ರ, ಗೆರೆಯೊಂದು ಮಾತ್ರ ಇಲ್ಲ; ವಾಸನೆಯೋ, ಇಡೀ ಅಂಗಡಿಯೇ ಪುದೀನದ ವಾಸನೆ. ಮನೆಗೆ ಒಯ್ದು ಬ್ಲೇಡಿನ ತುದಿಯಿಂದ ಗೆರೆ ಕೊರೆದಳು. ಮುನ್ನೂರಕ್ಕೂ. ಗಂಡನ ಕೆಲಸವನ್ನು ನೋಡಿ ನೋಡಿ ಕಲಿತ ಕೈ, ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಮುಂದಿನ ಶನಿವಾರ ಪಂಡಿತ ಕ್ಷೌರಕ್ಕೆ ಹೋದಾಗ ಡಬ್ಬಿ ಬದಲಾಯಿತು. ನಿಜವಾದ ಗುಳಿಗೆಗಳು ಬಚ್ಚಲಿನ ನೀರಿಗೆ ಸೇರಿದವು.

ಎಷ್ಟು ತಿರುಗಿಸಿ ನೋಡಿದರೂ ಉಪಾಯದಲ್ಲಿ ಬಿರುಕಿರಲಿಲ್ಲ. ಇದು ವಿಷವಲ್ಲ, ಪುದೀನ. ಗಂಡನಿಗೆ ಪಂಡಿತ ಮಾಡಿದ್ದನ್ನೇ ಅವಳು ಪಂಡಿತನಿಗೆ ಮಾಡುತ್ತಿದ್ದಾಳೆ, ಒಂದು ತೂಕ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅನುಮಾನ ಬಂದರೂ ಅವನು ಬಾಯಿ ಬಿಡುವ ಹಾಗಿಲ್ಲ. ಕಳ್ಳನಿಗೆ ಚೇಳು ಕುಟುಕಿದರೆ ಕೂಗುತ್ತಾನೆಯೇ?

ಪ್ರತಿ ವಾರ ಹೀಗೇ ಡಬ್ಬಿ ಬದಲಾಗುತ್ತಾ ಐದು ಶನಿವಾರ ಕಳೆದವು. ಪ್ರತಿ ಬೆಳಿಗ್ಗೆ ಅವನ ಕುರ್ಚಿ ಖಾಲಿಯಿದೆಯೇ ಎಂದು ನೋಡಿಕೊಂಡೇ ಒಳಗೆ ಬರುತ್ತಿದ್ದಳು. ಪಂಡಿತ ಗುಂಡುಕಲ್ಲಿನ ಹಾಗೆ ಕೂತಿರುತ್ತಿದ್ದ.

“ಈ ಸಲದ ಪುಡಿ ಯಾಕೋ ಹಿಡೀತಿಲ್ಲ ಕಣಮ್ಮ, ತಲೆ ಸಿಡಿಯುತ್ತೆ” ಎಂದು ಪುಡಿ ಕೊಳ್ಳಲು ಬಂದ ದರ್ಜಿ ಗೊಣಗಿದ.

“ನಿಮ್ಮ ತಲೆ ಸಿಡಿಯೋದು ಪುಡಿಯಿಂದಲ್ಲ, ನಿಮ್ಮ ಮನೆಯವ್ರಿಂದ” ಎಂದು ಅವಳು ನಗಿಸಿ ಕಳಿಸಿದಳು.

ಆರನೆಯ ಬುಧವಾರ ಅವಳ ತಾಯಿ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಯಿತು. ಮಗಳ ಕೈ ಹಿಡಿದು ಏನೋ ಹೇಳಲು ಹೋದಳು. ಆಗಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಮಗಳು ಬೆಂಚಿನ ಮೇಲೆ ಕುಸಿದು ಕೂತಿದ್ದಾಗ ಪಂಡಿತ ಏದುಸಿರು ಬಿಡುತ್ತಾ ಬಂದ. ಕಂಕುಳಲ್ಲಿ ತಗಡಿನ ಡಬ್ಬಿ. ನೇರ ಡಾಕ್ಟರ ಮುಂದೆ ನಿಂತ.

“ತಪ್ಪು ನಂದೇ, ಬರ್ಕೊಳ್ಳಿ. ಇವಳ ಗಂಡ ಹೋದ ದಿನದಿಂದ ನಂಗೆ ಬೇರಿನ ಮೇಲೆ ಧೈರ್ಯ ಉಳೀಲಿಲ್ಲ. ಗುಳಿಗೆ ತಗೊಳ್ಳಿ ಅಂದ್ರೆ ಜನ ಕೇಳಲ್ಲ, ನಾನೇ ಕೆಡಿಸಿಟ್ಟಿದ್ದೆ. ಅದಕ್ಕೆ ನಿಮ್ಮ ಗುಳಿಗೇನೇ ಅರೆದು ಒತ್ತಡದ ಪುಡಿಗೆಲ್ಲ ಸೇರಿಸ್ತಾ ಬಂದೆ, ಇನ್ಯಾರೂ ಹಾಗೆ ಹೋಗಬಾರದು ಅಂತ. ಅಜ್ಜಿ ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ಹೇಗೆ ಬಿದ್ರು?”

ಡಾಕ್ಟರು ಡಬ್ಬಿಯ ತಳದಿಂದ ಒಂದು ಗುಳಿಗೆ ತೆಗೆದು ಗೆರೆಯ ಮೇಲೆ ಮುರಿದರು. ಮೂಸಿದರು. “ಇದು ಪುದೀನ. ಈ ಗೆರೆ ಯಾರು ಕೊರೆದದ್ದು?”

ಪಂಡಿತ ಪೆದ್ದನಂತೆ ಡಬ್ಬಿಯನ್ನೂ ಅವಳನ್ನೂ ನೋಡಿದ. ಅವಳು ಲೆಕ್ಕ ಹಾಕುತ್ತಿದ್ದಳು. ಶನಿವಾರ ಮುನ್ನೂರು ತುಂಬಿಸುತ್ತಿದ್ದಳು. ಸೋಮವಾರ ಕಸ ಗುಡಿಸುವಾಗ ಡಬ್ಬಿಯ ತಳದಲ್ಲಿ ನಾಲ್ಕೈದು ಮಾತ್ರ ಉಳಿದಿರುತ್ತಿದ್ದವು. ಮತ್ತೆ ಮುನ್ನೂರು ಕೊರೆಯುತ್ತಿದ್ದಳು. ಒಬ್ಬ ಮನುಷ್ಯನಿಗೆ ಅಷ್ಟು ಯಾಕೆ ಬೇಕು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಬೇರೆ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕಿತ್ತು: ಹನ್ನೊಂದು ವರ್ಷ, ಪ್ರತಿ ಬೆಳಿಗ್ಗೆ, ಗಂಡನ ಅಂಗೈಯಲ್ಲಿ ಅವಳೇ ಇಡುತ್ತಿದ್ದದ್ದು ಒಂದೇ ಒಂದು.