ಕಾಂಪೌಂಡರ್ ಮೇಲೊಂದು ಕಣ್ಣು

"ಇವತ್ತೇನು ಸಾರು?" ಅಂಜನಮೂರ್ತಿ ಬಾಗಿಲಲ್ಲೇ ನಿಂತು ಕೇಳಿದ.

ಶಾಂತಕುಮಾರಿಗೆ ಮೈಯೆಲ್ಲ ಉರಿಯಿತು. ಮೆಡಿಕಲ್ ಸ್ಟೋರ್ಸಿನ ಕಾಂಪೌಂಡರ್ ಅಂದಮೇಲೆ ಮಾತ್ರೆ ತಲುಪಿಸಿ ಹೋಗಬೇಕು ತಾನೆ? ಈ ಮಹಾಶಯ ಎರಡು ವಾರದಿಂದ ಸರಿಯಾಗಿ ರಾತ್ರಿ ಊಟದ ಹೊತ್ತಿಗೇ ಬರುತ್ತಾನೆ, ಅಡುಗೆಮನೆ ಕಡೆ ಇಣುಕುತ್ತಾನೆ, ಆಚೆ ಹೋಗಿ ಚೀಟಿಯಲ್ಲಿ ಏನೋ ಗೀಚಿಕೊಳ್ಳುತ್ತಾನೆ.

"ಹುರುಳಿ ಸಾರು. ಬಡಿಸ್ಲಾ?"

"ನನಗಲ್ಲ. ನಿಮ್ ತಂದೆ ಏನೇನ್ ತಿಂದ್ರು?"

"ಅದೆಲ್ಲ ನಿಮಗ್ಯಾಕ್ರೀ?"

ಅವನು ತಲೆ ತಗ್ಗಿಸಿದ. ತಗ್ಗಿಸುವ ಮುಂಚೆ ಒಂದು ಗಳಿಗೆ ಅವಳನ್ನೇ ನೋಡಿದ. ಆ ನೋಟ ಅವಳಿಗೆ ಹಿಡಿಸಿತು, ಅದಕ್ಕೇ ಕೋಪ ಇನ್ನಷ್ಟು ಏರಿತು. ಕಳ್ಳನಿಗೆ ಇಷ್ಟು ತಿಳಿಯಾದ ಕಣ್ಣು ಇರಬಾರದಿತ್ತು.

ಕಳ್ಳ ಅನ್ನುವುದಕ್ಕೆ ಕಾರಣವಿತ್ತು. ಅವಳ ಅಪ್ಪ ಮುನಿರಾಜಪ್ಪ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಬ್ಬಿಣ ಕಡೆದವರು. ಆ ಕೈಗೇ ನಡುಕ ಬಂತು. ಮಿದುಳಿನಲ್ಲಿ ಒಂದು ರಸ ಬತ್ತುತ್ತಿದೆ, ಪಾರ್ಕಿನ್ಸನ್ ಕಾಯಿಲೆ, ವಾಸಿಯಾಗದು, ಹೊಸ ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಅಂದರು ಡಾಕ್ಟರು. ಎಪ್ಪತ್ಮೂರರ ಯುಗಾದಿಗೆ ಮಾತ್ರೆ ಶುರುವಾಯಿತು. ಆಷಾಢದ ಹೊತ್ತಿಗೆ ಅಪ್ಪ ತಾವೇ ಅಂಗಿ ಗುಂಡಿ ಹಾಕಿಕೊಂಡು ಹಲಸೂರು ಕೆರೆವರೆಗೂ ನಡೆದುಬಂದರು. ಶಾಂತಕುಮಾರಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟಿದ್ದಳು.

ಈಗ ಒಂದು ತಿಂಗಳಿಂದ ಮತ್ತೆ ಅದೇ ನಡುಕ. ಹೆಜ್ಜೆ ಎತ್ತಲಾಗದೆ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. "ಆ ಕಾಂಪೌಂಡರ್ ಮಾತ್ರೆ ಬದಲು ಸುಣ್ಣದುಂಡೆ ಕೊಡ್ತಾನೋ ಏನೋ ಕಣೇ," ಎಂದು ಪಕ್ಕದ ಮನೆಯ ಯಶೋದಮ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದರು.

ಶನಿವಾರ ಅವಳು ಕೆಲಸ ಮಾಡುವ ಇನ್ಶೂರೆನ್ಸ್ ಆಫೀಸು ಅರ್ಧ ದಿನ. ಶಾಂತಕುಮಾರಿ ಮಾತ್ರೆ ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಶಿವಾಜಿನಗರದ ಹಳೇ ಔಷಧಿ ಅಂಗಡಿಯ ಗಯಾಜ್ ಸಾಹೇಬರ ಹತ್ತಿರ ಹೋದಳು. ಹೋದರೆ, ಅಲ್ಲಿ ಅಂಜನಮೂರ್ತಿ! ಅವನ ಕೈಯಲ್ಲೂ ಅದೇ ಮಾತ್ರೆ.

"ನೀವಿಲ್ಲಿ?" ಇಬ್ಬರೂ ಒಟ್ಟಿಗೇ ಕೇಳಿದರು.

ಗಯಾಜ್ ನಕ್ಕರು. "ಮಾತ್ರೆ ಅಸಲಿ ಇದೆ ಬೇಟಿ. ಇವರೂ ಅದನ್ನೇ ಕೇಳೋಕೆ ಬಂದಿದ್ರು."

"ನಮ್ಮಂಗಡಿ ಮಾತ್ರೆ ಮೇಲೇ ನನಗೆ ಅನುಮಾನ ಬಂತು," ಅಂದ ಅಂಜನಮೂರ್ತಿ. "ಮಾತ್ರೇಲಿ ತಪ್ಪಿಲ್ಲ ಅಂದ್ರೆ, ನಿಮ್ಮನೇಲೇ ಏನೋ ಆಗ್ತಿದೆ."

"ನನ್ ಮೇಲೇನಾ ಅನುಮಾನ?"

"ನಿಮ್ ಅಡುಗೆ ಮೇಲೆ. ಕೆಲವು ಊಟ ಈ ಮಾತ್ರೆಗೆ ಆಗಲ್ಲ, ಅದಕ್ಕೇ ಚೀಟೀಲಿ ಬರ್ಕೊಳ್ತಿದ್ದೆ. ಊಟ ಬಿಟ್ಟು ಬೇರೇನು ಕೊಡ್ತೀರಿ?"

"ಏನೂ ಇಲ್ಲ. ಒಂದು ತಿಂಗಳಿಂದ ಟಾನಿಕ್ ಕೊಡ್ತಿದೀನಿ, ಅಷ್ಟೇ."

"ಬೇರೆ ಔಷಧಿ ಕೊಡ್ಬೇಡಿ ಅಂದಿದ್ರಲ್ಲ ಡಾಕ್ಟ್ರು?"

"ಟಾನಿಕ್ ಔಷಧಿಯೇನ್ರೀ? ಅದು ಶಕ್ತಿಗೆ ಕುಡಿಯೋದು!"

ಅವಳು ಹೆಸರು ಹೇಳಿದ ಟಾನಿಕ್ಕನ್ನು ಗಯಾಜ್ ಕಪಾಟಿನಿಂದ ತೆಗೆದರು. ಅಂಜನಮೂರ್ತಿ ಲೇಬಲ್ಲಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. ಬಿ ಸಿಕ್ಸ್ ವಿಟಮಿನ್. ಬೇರೆಯವರಿಗೆ ಒಳ್ಳೆಯದೇ, ಆದರೆ ಈ ಮಾತ್ರೆ ನುಂಗುವವರಿಗೆ ಮಾತ್ರೆಯ ಬಲ ಮಿದುಳು ಮುಟ್ಟುವ ಮುಂಚೆಯೇ ಅದನ್ನು ಕೆಡಿಸಿಬಿಡುತ್ತದೆ.

ಶಾಂತಕುಮಾರಿ ಅಂಗಡಿಯ ಬೆಂಚಿನ ಮೇಲೆ ಕುಸಿದಳು. ಊರೆಲ್ಲ ಹುಡುಕಿದ ಕಳ್ಳಿ ತಾನೇ.

"ಪ್ರೀತಿಯಿಂದ ಕೊಟ್ರಿ," ಎಂದ ಅಂಜನಮೂರ್ತಿ ಮೆಲ್ಲಗೆ. ಅವನು ಬೈದಿದ್ದರೆ ಅವಳಿಗೆ ಅಳು ಬರುತ್ತಿರಲಿಲ್ಲ.

ಡಾಕ್ಟರು ಟಾನಿಕ್ ನಿಲ್ಲಿಸಿ, ಮೆತ್ತಗಿನ ಮುದ್ದೆ, ಸೊಪ್ಪು, ಹಣ್ಣು ಅಂತ ಊಟದ ಪಟ್ಟಿ ಬರೆದುಕೊಟ್ಟರು. ಹತ್ತು ದಿನಕ್ಕೆ ಮುನಿರಾಜಪ್ಪ ಹೊಸ್ತಿಲು ದಾಟಿದರು. ಅಂಜನಮೂರ್ತಿ ಮಾತ್ರ ಬರುವುದು ನಿಲ್ಲಿಸಲಿಲ್ಲ.

"ಇನ್ನೂ ಯಾಕೆ ಬರ್ತೀರಿ? ಅನುಮಾನ ಬಗೆಹರೀತಲ್ಲ," ಅಂದಳು, ಬಾಗಿಲಿಗೆ ಅಡ್ಡ ನಿಂತು.

"ಒಂದು ಉಳ್ಕೊಂಡಿದೆ. ನಿಮಗೂ ನಾನು ಇಷ್ಟ ಅಂತ ಅನುಮಾನ."

ಅವಳ ಕಿವಿ ಕೆಂಪಾಯಿತು. "ಅಪ್ಪನ ಕಾಯಿಲೆ ಇನ್ನೂ ಏರುತ್ತೆ. ಅವರನ್ನ ಬಿಟ್ಟು ನಾನು ಯಾವ ಮನೆಗೂ ಸೊಸೆಯಾಗಿ ಹೋಗೋಳಲ್ಲ."

"ನಾನೇ ಬರ್ತೀನಿ ಇಲ್ಲಿಗೆ."

ಅವಳು ಕಣ್ಣು ಕಿರಿದು ಮಾಡಿದಳು. "ಮನೆ ಅಳಿಯನಾಗಿ? ಆಸ್ತಿ ಆಸೆಗೆ ಬಂದ ಅಂತಾರೆ ಜನ."

"ಬಾಡಿಗೆ ಮನೇಲಿ ಯಾವ ಆಸ್ತೀರೀ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿತು. "ಈ ಮಾತ್ರೇನೂ ಒಂದಿನ ಕೈಕೊಡುತ್ತಂತೆ. ಆಗ?"

"ಆಗ ಅವರನ್ನ ಎತ್ತಿ ಕೂರಿಸೋಕೆ ನಿಮ್ಮೊಬ್ರ ಕೈಲಾಗಲ್ಲ. ಇಬ್ಬರು ಬೇಕಾಗ್ತೀವಿ."

ಶಾಂತಕುಮಾರಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಒಳಗ್ ಬನ್ನಿ. ಅಪ್ಪನ ಹತ್ರ ನೀವೇ ಕೇಳಿ."